ಹಿಪ್ಪುನೇರಳೆಗೆ ಕುಡಿಸಿದ ಕಷಾಯ

ಮಾರ್ಚ್ ೧೨, ಬುಧವಾರ. ವಿಜಯಪುರ.

ತಮ್ಮ ಉಮಾಶಂಕರನ ಸಂಶೋಧನೆಗೆ ಇಂದು ಜಯ. ರೇಷ್ಮೆಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯನ್ನು ಕಾಸ್ಟಿಕ್ ಸೋಡಾ ಎಂಬ ಸುಡುವ ಕ್ಷಾರದಲ್ಲಿ ಬೇಯಿಸಿ, ನಾರು ತೆಗೆದು, ಊಟದ ತಟ್ಟೆಯೊಂದನ್ನು ಒತ್ತಿದ್ದಾನೆ. ನಾನು ಎದ್ದು ನಿಂತು, ರಾಷ್ಟ್ರಗೀತೆಯೊಂದನ್ನು ಬಿಟ್ಟು ಸಕಲ ಮರ್ಯಾದೆಯನ್ನೂ ಸಲ್ಲಿಸಿದೆ. ಬೇಯಿಸಿದ ಕಪ್ಪು ನೀರು ಏನಾಯಿತೆಂದು ಕೇಳಿದೆ.

"ನಮ್ ತೋಟಕ್ಕೇ ಬಿಟ್ಟೆ ಕಣಣ್ಣ, ವಾರ ಆಯ್ತು. ಅದರ ಕಡ್ಡಿ ರಸ ಅದಕ್ಕೇ ಗೊಬ್ಬರ ಅಲ್ವಾ!"

ನಗುತ್ತಿದ್ದೆ. ಅಷ್ಟರಲ್ಲಿ ಚಿಕ್ಕಮ್ಮ ಮುನಿಗಂಗಮ್ಮ ಹುಳುಮನೆಯಿಂದ ಬಂದರು.

"ಗೂಡು ಕಟ್ಟೋಕೆ ನಾಲ್ಕೇ ದಿನ ಐತೆ. ಸೊಪ್ಪು ಹಾಕಿದ್ರೆ ಚರಚರ ಅಂತ ಮೇಯ್ಬೇಕು, ತಲೇನೇ ಎತ್ತುತಿಲ್ಲ ಕಣ್ರಪ್ಪಾ. ಒಳಗೆ ಸದ್ದೇ ಇಲ್ಲ."

ಉಮಾಶಂಕರ ನನ್ನ ಮುಖ ನೋಡಿದ. ಆ ಸೋಡಾ ನೀರು ಕುಡಿದ ಗಿಡದ ಸೊಪ್ಪನ್ನೇ ಹುಳು ವಾರದಿಂದ ಮೇಯ್ದಿವೆ. ಬೆಳಿಗ್ಗೆ ಚಿಕ್ಕಮ್ಮ ಅದೇ ಸೊಪ್ಪನ್ನು ಕೊಯ್ಯುತ್ತಾರೆ. ಈಗಲೇ ಹೇಳಬೇಕು. ನಮಗೆ ಬೇರೆ ತೋಟವಿಲ್ಲ, ಆದರೂ ಎದ್ದು ಹೋಗಿ, ಆ ಸೊಪ್ಪು ಕೊಯ್ಯಬೇಡಿ ಎಂದು ಚಿಕ್ಕಮ್ಮನಿಗೆ ಹೇಳುತ್ತೇನೆ.