ಬೊಂಬಾಯಿಯಿಂದ ಬಂದ ಹೊಸ ಫಿಯೆಟ್

12 ಸೆಪ್ಟೆಂಬರ್ 2024, ಗುರುವಾರ

ಈ ಕಥೆಯನ್ನು ಮೊದಲು ಹೇಳಿದವರು ನಮ್ಮೂರಿನ ಜವರಪ್ಪನವರು, 1974ರ ಆಯುಧಪೂಜೆಯ ದಿನ. ಬೊಂಬಾಯಿಯ ಕಾರ್ಖಾನೆ ಬಾಗಿಲಿನಿಂದಲೇ ಹೊಸ ಫಿಯೆಟ್ ಓಡಿಸಿಕೊಂಡು ಬಂದೆ ಎಂದಿದ್ದರು. ಆರು ವರ್ಷದವನಾಗಿ ಕೇಳಿದ ನಾನು ಆಮೇಲೆ ಅದನ್ನು ನೂರು ಕಡೆ ಹೇಳಿದ್ದೇನೆ.

ಇಪ್ಪತ್ತು ವರ್ಷ ಕೊಟ್ಟಿಗೆಯಲ್ಲಿ ಬಿದ್ದಿದ್ದ ಆ ಕಾರು ಈಗ ಮಂಡಿ ಮೊಹಲ್ಲಾದ ನನ್ನ ಗ್ಯಾರೇಜಿನಲ್ಲಿದೆ. ಅವರ ಮೊಮ್ಮಗಳು ಧರಣಿ ಹಳೆಯ ಕಾರುಗಳ ಮೆರವಣಿಗೆಗೆ ಸಿದ್ಧಮಾಡಿಸುತ್ತಿದ್ದಾಳೆ. ಅದರ ಅರ್ಜಿಯಲ್ಲಿ ಅಜ್ಜನ ಮಾತನ್ನೇ ಬರೆದಿದ್ದಳು.

ನಿನ್ನೆ ಸಂಜೆ ಬಾನೆಟ್ ಎತ್ತಿ ಕಾರಿನ ವಿವರ ಅಚ್ಚೊತ್ತಿದ ಕಾರ್ಖಾನೆಯ ತಗಡನ್ನು ಉಜ್ಜಿದೆ. ಪ್ರತಿ ಆಯುಧಪೂಜೆಗೂ ಜವರಪ್ಪನವರು ಅದರ ಮೇಲೇ ಅರಿಶಿನ ಕುಂಕುಮ ಮೆತ್ತುತ್ತಿದ್ದರು, ಯಾರಿಗೂ ಒರೆಸಲು ಬಿಡುತ್ತಿರಲಿಲ್ಲ. ಭಕ್ತಿ ಎಂದುಕೊಂಡಿದ್ದೆವು. ಅಡಿಯಲ್ಲಿ ಕಾರು ತಯಾರಾದ ವರ್ಷ ಕಂಡಿತು: 1964.

ನೋಡಲು ಬಂದಿದ್ದ ಧರಣಿಯ ಮುಖ ಸಪ್ಪಗಾಯಿತು. "ಅಜ್ಜ ಸುಳ್ಳು ಹೇಳಿದ್ರಾ?"

ಜೊತೆಗೆ ಬಂದಿದ್ದ ಅಜ್ಜಿ ಸಾಕಮ್ಮ ನಕ್ಕರು. "ಅದು ಇವ್ರು ಬೊಂಬಾಯಲ್ಲಿ ಹತ್ತು ವರ್ಷ ಓಡ್ಸಿದ ಟ್ಯಾಕ್ಸಿ ಕಣಮ್ಮ. ಮಾಲೀಕ ಮಾರ್ತೀನಿ ಅಂದಾಗ ಇವ್ರೇ ಕೊಂಡ್ಕೊಂಡು, ಕಪ್ಪು ಹಳದಿ ಮೇಲೆ ಬಿಳಿ ಬಣ್ಣ ಹೊಡ್ಸಿ ತಂದ್ರು. ಊರೋರ ಮುಂದೆ ಹೊಸದು ಅಂದ್ಬುಟ್ರು. ನಾನ್ಯಾಕೆ ಬಾಯ್ಬುಡ್ಲಿ?"

"ನಾನು ಊರೆಲ್ಲ ಹೇಳ್ಕೊಂಡು ಬಂದ್ನಲ್ಲ ಸಾಕವ್ವ" ಎಂದೆ.

"ನಿನಗೇನೋ, ಇನ್ನೊಂದ್ ಕಥೆ ಸಿಕ್ತು ತಗೊ."

ಧರಣಿ ಎದ್ದು ಹೋದಳು. ಇನ್ನು ಕಾರು ಬೇಡ ಎನ್ನುತ್ತಾಳೆ ಎಂದುಕೊಂಡೆ.

ಇವತ್ತು ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಮೊದಲೇ ಇಬ್ಬರೂ ಬಂದು ನಿಂತಿದ್ದರು. ಧರಣಿ ಅರ್ಜಿಯಲ್ಲಿ 'ಅಜ್ಜ ಓಡಿಸಿದ ಬೊಂಬಾಯಿ ಟ್ಯಾಕ್ಸಿ' ಎಂದು ತಿದ್ದಿದ್ದಾಳಂತೆ. ಅವಳು ಮರಳುಕಾಗದ ಹಿಡಿದು ಕಾರಿನ ನೆತ್ತಿಯ ಬಿಳಿ ಬಣ್ಣ ಉಜ್ಜತೊಡಗಿದಳು. ಸಾಕಮ್ಮ ಸ್ಟೂಲಿನ ಮೇಲೆ ಕೂತು, "ಮೆಲ್ಲಗೆ ಕಣೇ, ಹಳದಿ ಬಂತು, ಅಲ್ಲಿಗೇ ನಿಲ್ಸು" ಎನ್ನುತ್ತಿದ್ದರು.