ಬೈಯಲು ಬಂದವರ ಪ್ರಾರ್ಥನೆ

ದಲ್ಪೊ, ಟೊಂಗ್ಯೊಂಗ್ ಜಿಲ್ಲೆ
೯ ಡಿಸೆಂಬರ್ ೧೯೮೬

ಪ್ರೀತಿಯ ಪಾಸ್ಟರ್ ಅವರಿಗೆ,

ಹೀಗೆ ಕರೆದರೆ ಈಗ ನಿಮಗೆ ಸಿಟ್ಟು ಬರುತ್ತದೆಂದು ಗೊತ್ತು. ಮದುವೆಯಾದಂದಿನಿಂದ ಬಂದ ಅಭ್ಯಾಸ, ಕೈ ತಾನಾಗಿ ಬರೆಯುತ್ತದೆ. ಹೊಟ್ಟೆನೋವು ಹೇಗಿದೆ? ಡೇಗು ಊರಿನ ಚಳಿಯಲ್ಲಿ ಬರಿಹೊಟ್ಟೆಯಲ್ಲಿ ಕಾಫಿ ಕುಡಿಯಬೇಡಿ. ಹೇಗೂ ಅಣ್ಣನ ಮನೆಯಲ್ಲಿದ್ದೀರಿ, ಅತ್ತಿಗೆಗೆ ಹೇಳಿ ಬೆಳಿಗ್ಗೆ ಗಂಜಿ ಮಾಡಿಸಿಕೊಳ್ಳಿ, ನಾಚಿಕೆ ಬೇಡ. ನಾನು ಚೆನ್ನಾಗಿದ್ದೇನೆ. ಚಳಿಗಾಲಕ್ಕೆ ಉಪ್ಪು-ಖಾರದ ಕಿಮ್ಚಿ ಹಾಕಿ ಮುಗಿಯಿತು. ಈ ಸಲ ಎಲೆಕೋಸು ನಾವು ಕೊಳ್ಳಲಿಲ್ಲ, ಚರ್ಚಿನ ಸಭೆಯ ಹೆಂಗಸರೇ ತಂದು ಅಂಗಳದಲ್ಲಿ ಸುರಿದರು. ನಾನೀಗ ಸಿಂಪಿಯ ಚಿಪ್ಪು ಬಿಡಿಸುವ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಿದ್ದೇನೆ. ಬೆರಳ ತುಂಬ ಗೀರು, ಅಷ್ಟೆ.

ಸುಗ್ಗಿಯ ಆರಾಧನೆಯ ದಿನ ನೀವು ಪೀಠದಿಂದ ಇಳಿದು, ನಂಬದ ಮಾತನ್ನು ಇನ್ನು ಹೇಳಲಾರೆ ಎಂದು ಹೊರಟುಹೋದಿರಲ್ಲ, ಅದರ ಮಾರನೆಯ ಬೆಳಗ್ಗೆ ನಾನೇ ಹೋಗಿ ಚರ್ಚಿನ ಬಾಗಿಲು ತೆರೆದೆ. ಭಕ್ತಿಯಿಂದಲ್ಲ. ನಸುಕಿನ ಪ್ರಾರ್ಥನೆಗೆ ಗುಡ್ಡ ದಾಟಿ ಬರುವ ಮುದುಕಿಯರು ಚಳಿಯಲ್ಲಿ ಹೊರಗೆ ನಿಲ್ಲುತ್ತಾರಲ್ಲ ಎಂದು. ಆಮೇಲೆ ದಿನವೂ ಒಲೆ ಹೊತ್ತಿಸಿ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂರುತ್ತಿದ್ದೆ. ನಮ್ಮ ಮಗಳು ಬೊರಾ ಮಿದುಳುಜ್ವರದಲ್ಲಿ ಹೋದ ಮೇಲೆ ನನಗೂ ಪ್ರಾರ್ಥನೆ ನಿಂತುಹೋಗಿತ್ತು. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಒಂದು ಬೆಳಗ್ಗೆ ಪ್ಯೋ ಅಜ್ಜಿ, ಇವತ್ತು ನೀನು ಪ್ರಾರ್ಥನೆ ಮಾಡಿಸು ಎಂದಳು. ನನಗೆ ಸುಳ್ಳು ಹೇಳುವಷ್ಟು ಶಕ್ತಿ ಇರಲಿಲ್ಲ.

"ನಂಗೆ ಬರ್ತಿಲ್ಲ ಅಜ್ಜಿ. ಆ ಕಡೆ ಯಾರಾದ್ರೂ ಇದ್ದಾರೋ ಇಲ್ವೋ ಅಂತಾನೇ ಗೊತ್ತಾಗ್ತಿಲ್ಲ," ಎಂದುಬಿಟ್ಟೆ.

ಎಲ್ಲರೂ ಎದ್ದು ಹೋಗುತ್ತಾರೆ ಅಂದುಕೊಂಡೆ. ಯಾರೂ ಕದಲಲಿಲ್ಲ. ಅಜ್ಜಿಯ ಇಬ್ಬರು ಗಂಡುಮಕ್ಕಳೂ ಒಂದೇ ದೋಣಿಯಲ್ಲಿ ಮುಳುಗಿ ಹೋದದ್ದು ನಿಮಗೆ ಗೊತ್ತೇ ಇದೆ. ಅವಳು ಒಲೆಗೆ ಕೈ ಚಾಚಿಕೊಂಡು ಹೇಳಿದಳು: "ಆಮೇಲೆ ನಾನು ಇಲ್ಲಿಗೆ ಬರ್ತಿದ್ದಿದ್ದು ದೇವರನ್ನ ಬೈಯೋಕೆ ಕಣೇ. ಎಷ್ಟು ವರ್ಷ ಬೈದೆ ಅಂತೀಯಾ. ಬೈದು ಬೈದು ಒಂದಿನ ಹೊಳೀತು, ಈ ಊರಲ್ಲಿ ಬೇರೆ ಯಾರ ಹತ್ರಾನೂ ನಾನು ಇಷ್ಟು ಮಾತಾಡಿಲ್ಲ."

ನೀವು ಹೊರಟ ದಿನ ನಿಮ್ಮ ಮೇಲೆ ಎಲ್ಲರಿಗಿಂತ ಹೆಚ್ಚು ಕೂಗಾಡಿದ ಸಭಾಹಿರಿಯ ಗೂ ಅವರೂ ಅಲ್ಲಿದ್ದರು. ತಲೆ ತಗ್ಗಿಸಿಕೊಂಡೇ, "ಹಾಗೆ ಎದ್ದು ಹೋಗೋದಾಗಿದ್ರೆ ನಾನು ಯುದ್ಧದ ವರ್ಷವೇ ಹೋಗ್ಬೇಕಿತ್ತು," ಎಂದರು. ಆ ಬೆಳಗ್ಗೆ ಯಾರೂ ಗಟ್ಟಿಯಾಗಿ ಪ್ರಾರ್ಥಿಸಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಸಂಕಟ ಹೇಳಿಕೊಂಡರು. ಹೊರಗೆ ಬರುವಾಗ ಬೆಳಕಾಗಿತ್ತು.

ಕಳೆದ ವಾರ ಶೆಡ್ಡಿನಲ್ಲಿ ಚಿಪ್ಪು ಬಿಡಿಸುತ್ತಾ ಬೆರಳು ಮರಗಟ್ಟಿದ್ದಕ್ಕೆ ಮನಸ್ಸಿನಲ್ಲೇ ಗೊಣಗತೊಡಗಿದೆ. ಅದು ಬೊರಾಳ ತನಕ ಹೋಯಿತು. ಆ ಕೊನೆಯ ರಾತ್ರಿ ಎಲ್ಲಿದ್ದೆ, ಮಗು ನಿನ್ನ ಹೆಸರು ಹೇಳಿಯೇ ಮಲಗುತ್ತಿತ್ತಲ್ಲ ಎಂದು ಜಗಳವಾಡಿದೆ. ಊಟದ ಗಂಟೆ ಹೊಡೆದಾಗಲೇ ತಿಳಿದದ್ದು, ಬೆಳಗಿನಿಂದ ನಾನು ದೇವರೊಂದಿಗೆ ಮಾತಾಡುತ್ತಿದ್ದೇನೆಂದು. ಉತ್ತರವೇನೂ ಬರಲಿಲ್ಲ. ಆದರೆ ಗೋಡೆಗೆ ಹೇಳಿದಂತೆಯೂ ಅನ್ನಿಸಲಿಲ್ಲ. ಮೊದಲಿದ್ದ ನಂಬಿಕೆ ನನ್ನ ಅಪ್ಪ ತೊಡಿಸಿದ್ದು, ಅದನ್ನು ನಾನು ಬಿಚ್ಚಿ ನೋಡಿದವಳೇ ಅಲ್ಲ. ಈಗ ಇರುವುದು ಚಿಕ್ಕದು, ಆದರೆ ಇದು ನನ್ನದು. ಬೊರಾ ಹೋದದ್ದು ಸರಿ ಎಂದು ನಾನು ಯಾವತ್ತೂ ಹೇಳುವುದಿಲ್ಲ. ನೀವೂ ಹೇಳಬೇಕಾಗಿಲ್ಲ.

ಭಾವನಿಗೂ ಅತ್ತಿಗೆಗೂ ನನ್ನ ನಮಸ್ಕಾರ ತಿಳಿಸಿ. ಕಿಮ್ಚಿಯ ಡಬ್ಬಿ ಕಳಿಸುತ್ತಿದ್ದೇನೆ, ಅವರಿಗೂ ಕೊಡಿ. ದೇವರು ನಿಮ್ಮನ್ನು ಕಾಯಲಿ. ಈ ಮಾತನ್ನು ಬರೆಯುವ ಮೊದಲು ಯೋಚಿಸಿದೆ, ಯೋಚಿಸಿಯೇ ಬರೆದಿದ್ದೇನೆ.

ನಿಮ್ಮ
ಹ್ಯೋಸುನ್

ಒಂದು ಮಾತು ಮರೆತಿದ್ದೆ, ಟಪಾಲಿನವನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ. ಕ್ರಿಸ್ಮಸ್‌ಗೆ ಬೇರೆ ಪಾಸ್ಟರನ್ನು ಕರೆಸುವುದು ಬೇಡವೆಂದು ನಿನ್ನೆ ಸಭೆಯವರು ತೀರ್ಮಾನಿಸಿದರು. ಹಾಗೆಂದವರು ಸಭಾಹಿರಿಯ ಗೂ ಅವರೇ. ನಂಬಿಕೆ ಪೂರ್ತಿ ಆದ ಮೇಲೆ ಬರುತ್ತೇನೆಂದು ಕಾಯುತ್ತಾ ಕೂರಬೇಡಿ. ಇದ್ದಷ್ಟರಲ್ಲೇ ಬನ್ನಿ. ನಾವೆಲ್ಲ ಇರುವುದೂ ಅಷ್ಟರಲ್ಲೇ.