ಭಾಷಣಕಾರನ ದನಿ

ಏಪ್ರಿಲ್ 21, ಸಂಜೆ 6

ಸ್ವಸ್ಥಚಿತ್ತನಾಗಿ, ಯಾರ ಒತ್ತಾಯಕ್ಕೂ ಒಳಗಾಗದೆ ಒಪ್ಪಿಕೊಳ್ಳುತ್ತೇನೆ — ಇಂದೂ ಕದ್ದೆ. ಪ್ರೆಸ್ಸಿನ ಫ್ರಿಜ್ಜಿನಲ್ಲಿ ಮ್ಯಾನೇಜರ್ ಸಾಹೇಬರು ಹೆಪ್ಪುಗಟ್ಟಿಸಿಟ್ಟಿದ್ದ ಎರಡು ಬಾಟಲಿ ನೀರು. ನೈಸಾಗಿ ಐಸ್ ಎತ್ತಿ, ಹಳೆಯ ಕರಡಚ್ಚಿನ ಹಾಳೆಯಲ್ಲಿ ಸುತ್ತಿ, ಚೀಲಕ್ಕೆ. ಮೂವತ್ತು ವರ್ಷ ಪ್ರೂಫ್ ನೋಡುತ್ತ ಬೇರೆಯವರ ತಪ್ಪು ತಿದ್ದಿದವನು... ಸ್ವಂತದ್ದೊಂದು ಇರಲಿ.

ಕದ್ದ ಮಾಲು ಅಕ್ಕನ ಐದು ಲಾವಕ್ಕಿಗಳಿಗೆ. ಅಕ್ಕ ಆಸ್ಪತ್ರೆಯಲ್ಲಿ, ಮುಂದಿನ ವಾರ ಹಾರ್ಟ್ ಆಪರೇಷನ್. ಹಕ್ಕಿಗಳು ನನ್ನ ವರಾಂಡದಲ್ಲಿ. ಬಾಟಲಿಗೆ ಬಟ್ಟೆ ಸುತ್ತಿ ಪಂಜರದಲ್ಲಿಟ್ಟರೆ ನಾಲ್ಕು ಹೆಣ್ಣೂ ಒರಗಿ ಕೂರುತ್ತವೆ. ಗಂಡು ಮಾತ್ರ ದೂರ ನಿಂತು ಕೂಗುತ್ತಾನೆ. ಹೆಸರು ಭಾಷಣಕಾರ. ಸಭಿಕರು ಸೆಕೆಗೆ ಬಿದ್ದರೂ ಭಾಷಣ ನಿಲ್ಲದು.

ಏಪ್ರಿಲ್ 22

ನಲವತ್ತೆರಡು ಡಿಗ್ರಿ. ಅಕ್ಕನ ಫೋನು.

"ಕೊಕ್ಕು ತೆಕ್ಕೊಂಡು ಏದುಸಿರು ಬಿಡ್ತಿದಾವೇನೋ?"

"ನಾನೂ ಬಾಯಿ ತೆಕ್ಕೊಂಡೇ ಕೂತಿದೀನಿ. ನನ್ನನ್ಯಾರು ಕೇಳ್ತಾರೆ?"

"ನಿನ್ನ ಬಾಯಿ ಯಾವತ್ತು ಮುಚ್ಚಿತ್ತು? ನೋಡು, ಒದ್ದೆ ಗೋಣಿ ಮೂರೇ ಕಡೆ ಕಟ್ಟು. ಒಂದು ಕಡೆ ಗಾಳಿಗೆ ಬಿಡು. ತಿಳೀತಾ?"

"ತಿಳೀತು ತಾಯಿ."

"ಅವನ ದನಿ ಕೇಳಿಸು."

ಫೋನನ್ನು ಪಂಜರಕ್ಕೆ ಹಿಡಿದೆ. ಭಾಷಣ ಸಾಂಗವಾಗಿ ನಡೆಯಿತು. ಅಕ್ಕ ಕೊನೆಯವರೆಗೂ ಕೇಳಿದಳು. ಭಾವ ತೀರಿಕೊಂಡ ವರ್ಷ ಬಲ್ಬಿನ ಕಾವಿನಲ್ಲಿ ಅಕ್ಕನೇ ಮರಿ ಮಾಡಿಸಿದ್ದು ಇವನನ್ನು. ಖಾಲಿ ಮನೆಯಲ್ಲಿ ಮೊದಲು ಮಾತಾಡಿದವನು ಇವನೇ ಅನ್ನುತ್ತಾಳೆ.

ಏಪ್ರಿಲ್ 24, ಬೆಳಗ್ಗೆ

ಬಿಸಿಗಾಳಿ ತೆರೆದ ಕಡೆಯಿಂದಲೇ ನುಗ್ಗುತ್ತಿದೆ. ಅಲ್ಲಿಗೂ ಗೋಣಿ ಕಟ್ಟಿದೆ. ಚೆನ್ನಾಗಿ ನೀರು ಹೊಯ್ದೆ. ಅಕ್ಕನಿಗಿಂತ ಒಂದು ಗೋಣಿ ಜಾಸ್ತಿ ಬುದ್ಧಿ ನನಗೆ. ಪ್ರೆಸ್ಸಿಗೆ ಹೊರಟೆ.

ಅದೇ ದಿನ, ಸಂಜೆ

ಗೋಣಿ ಎತ್ತಿದರೆ ಮುಖಕ್ಕೆ ಹಬೆ ಬಡಿಯಿತು. ತಂಪು ಮಾಡಲು ಹೋಗಿ ಬೇಯಿಸಿಬಿಟ್ಟಿದ್ದೇನೆ. ಎರಡು ಹೆಣ್ಣಿಗೆ ಜೀವ ಇತ್ತು, ಬಚ್ಚಲಿನ ತಣ್ಣನೆ ನೆಲಕ್ಕೆ ಬಿಟ್ಟೆ. ಉಳಿದ ಮೂರು... ಅದರಲ್ಲಿ ಅವನೂ. ರೆಕ್ಕೆ ಅಗಲಿಸಿ, ಕೊಕ್ಕು ತೆರೆದೇ.

ಪಕ್ಕದ ಮನೆ ಟೀಚರಮ್ಮನ ಹತ್ತಿರ ಗುದ್ದಲಿ ಕೇಳಿದೆ.

"ಈ ಬಿಸಿಲಲ್ಲಿ ಗಿಡ ನೆಡ್ತೀರಾ ಸಾರ್?"

ಹೂಂ ಅಂದೆ. ಒಂದು ತಮಾಷೆಯೂ ಹೊಳೆಯಲಿಲ್ಲ.

ಏಪ್ರಿಲ್ 27, ಮಧ್ಯಾಹ್ನ

ಎರಡು ದಿನ ಅಕ್ಕನ ಫೋನು ಎತ್ತಲಿಲ್ಲ. ಇಂದು ಎತ್ತಿದೆ. ಆಪರೇಷನ್ ನಾಡಿದ್ದು. "ಅವನ ದನಿ ಕೇಳಿಸೋ" ಅಂದಳು. ಎದೆ ಕುಯ್ಯಿಸಿಕೊಳ್ಳಲು ಹೊರಟವಳಿಗೆ ಏನು ಹೇಳಲಿ?

ಬಚ್ಚಲಿಗೆ ಹೋಗಿ ಬಾಗಿಲು ಹಾಕಿ ನಾನೇ ಕೂಗಿದೆ. ಮೂರು ಸಲ. ಉಳಿದ ಎರಡು ಹೆಣ್ಣೂ ಕತ್ತೆತ್ತಿ ನೋಡಿದವು! ಕಾಲೇಜಿನಲ್ಲಿ ಪ್ರಿನ್ಸಿಪಾಲರ ಅಣಕು ಮಾಡಿ ಬಹುಮಾನದ ಕಪ್ ಗೆದ್ದವನು ನಾನು. ಅಕ್ಕ "ಚೆನ್ನಾಗಿದಾನೆ" ಅಂದಳು. ಪೂರ್ತಿ ನಂಬಿದಳು. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿಲ್ಲ.

ಏಪ್ರಿಲ್ 29, ಬೆಳಗ್ಗೆ 8

ಏಳು ಗಂಟೆಗೆ ಅವಳ ಫೋನು. ಮತ್ತೆ ಅದೇ ಬೇಡಿಕೆ. ಮತ್ತೆ ಬಚ್ಚಲು. ಕೂಗಿದೆ.

"ಸಾಕು ಕಣೋ, ನೀರು ಕುಡಿ. ನಂಗಂತೂ ಆಪರೇಷನ್ ಅಂತ ರಾತ್ರಿಯಿಂದ ಕೊಟ್ಟಿಲ್ಲ. ನೀನಾದ್ರೂ ಕುಡಿ."

"...ಯಾವಾಗ ಗೊತ್ತಾಯ್ತು?"

"ಮೊನ್ನೇನೇ. ಅವನು ಮಧ್ಯೆ ಕೆಮ್ಮಲ್ಲ."

ಬಚ್ಚಲಿನ ಬಾಗಿಲು ತೆರೆದೆ.

"ನಾಲ್ಕೂ ಕಡೆ ಕಟ್ಟಿದ್ಯಾ?"

"ಹೂಂ."

ಅತ್ತ ಸ್ಟ್ರೆಚರಿನ ಗಾಲಿಯ ಸದ್ದು, ಯಾರೋ ನರ್ಸ್ ಕರೆದದ್ದು ಕೇಳಿಸಿತು.

"ಕರ್ಕೊಂಡು ಹೋಗೋಕೆ ಬಂದ್ರು. ಇನ್ನೊಂದೇ ಸಲ ಕೂಗೋ."

ಕೂಗಲು ಬಾಯಿ ತೆರೆದೆ. ಕಪ್ ಗೆದ್ದ ಗಂಟಲು. ಬಂದದ್ದು ಹಕ್ಕಿಯ ದನಿಯಲ್ಲ, ಪ್ರಿನ್ಸಿಪಾಲರದ್ದೂ ಅಲ್ಲ. ಅಕ್ಕ "ಅಳ್ಬೇಡ್ವೋ" ಅನ್ನುವಷ್ಟರಲ್ಲಿ ಫೋನು ಕಟ್ಟಾಯಿತು.